ಶೆಡ್ಡಿನ ಜೀಪನ್ನು ಗುಜರಿಗೆ ಹಾಕುವ ಮುಂಚೆ ಮಕ್ಕಳನ್ನು ಕರೆಯಿರಿ

ಸಕಲೇಶಪುರ, ಮೂಡಿಗೆರೆ, ಕೊಪ್ಪ, ತೀರ್ಥಹಳ್ಳಿ ಕಡೆಯ ಯಾವ ಊರಿಗೆ ಬೇಕಾದರೂ ಹೋಗಿ. ಕಾಫಿ ಕಣದ ಪಕ್ಕದಲ್ಲೋ, ಕೊಟ್ಟಿಗೆ ಹಿಂದೆಯೋ, ಹಲಸಿನ ಮರದ ಬುಡದಲ್ಲೋ ನಿಂತುಹೋದ ಹಳೇ ಜೀಪು ಒಂದಾದರೂ ಕಾಣುತ್ತದೆ. ಟಯರು ಮಣ್ಣಿನಲ್ಲಿ ಹೂತಿರುತ್ತದೆ. ಸೀಟಿನಲ್ಲಿ ಕೋಳಿ ಮೊಟ್ಟೆ ಇಟ್ಟಿರುತ್ತದೆ. ಕೆಎ ಬರುವುದಕ್ಕೆ ಮುಂಚಿನ ಮೂರಕ್ಷರದ ನಂಬರು ಅರ್ಧ ಅಳಿಸಿರುತ್ತದೆ. ಯಾರದು ಅಂತ ಕೇಳಿದರೆ "ನಮ್ಮ ಅಜ್ಜಂದು" ಅನ್ನುತ್ತಾರೆ. ಏನು ಮಾಡ್ತೀರಿ ಅಂದರೆ "ಗುಜರಿಯವನು ಬಂದಿದ್ದ, ರೇಟು ಸರಿ ಬರಲಿಲ್ಲ" ಅನ್ನುತ್ತಾರೆ.

ಅದೇ ಮನೆಯೊಳಗೆ ಹತ್ತನೇ ಕ್ಲಾಸಿನದೋ ಪಿಯುಸಿಯದೋ ಒಂದು ಮಗು ಇರುತ್ತದೆ. ಅಪ್ಪ ಟಿವಿ ಮುಂದೆ, ಮಗು ಫೋನಿನ ಮುಂದೆ. ಇಡೀ ದಿನದಲ್ಲಿ ಇಬ್ಬರ ನಡುವೆ ನಡೆಯುವ ಮಾತು ಇಷ್ಟು. "ಓದಿದ್ಯಾ?" "ಹೂಂ." "ಊಟ ಆಯ್ತಾ?" "ಹೂಂ."

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಆ ಜೀಪನ್ನು ಗುಜರಿಗೆ ಹಾಕಬೇಡಿ. ಎಳೆದುಕೊಂಡು ಹೋಗಿ ಗ್ಯಾರೇಜಿನಲ್ಲಿ ಪೂರ್ತಿ ಬಿಟ್ಟೂ ಬರಬೇಡಿ. ಮಗಳನ್ನೋ ಮಗನನ್ನೋ ಕರೆದುಕೊಂಡು ನೀವಿಬ್ಬರೇ ಬಿಚ್ಚಿ. ಜೀಪು ಓಡಿದರೆ ಒಳ್ಳೆಯದೇ. ಆದರೆ ಲಾಭ ಅದೊಂದೇ ಅಲ್ಲ. ಅಪ್ಪನಿಗೂ ಗೊತ್ತಿಲ್ಲದ, ಮಗುವಿಗೂ ಗೊತ್ತಿಲ್ಲದ ಒಂದು ಕೆಲಸದ ಮುಂದೆ ಇಬ್ಬರೂ ಒಟ್ಟಿಗೆ ಕೂರುವುದು ನಮ್ಮ ಮನೆಗಳಲ್ಲಿ ಎಷ್ಟು ಸಲ ಆಗುತ್ತದೆ ಹೇಳಿ? ತೋಟದಲ್ಲಿ ಅಪ್ಪನಿಗೇ ಎಲ್ಲ ಗೊತ್ತು. ಫೋನಿನಲ್ಲಿ ಮಗುವಿಗೇ ಎಲ್ಲ ಗೊತ್ತು. ತುಕ್ಕು ಹಿಡಿದ ಕಾರ್ಬೊರೇಟರ್ ಮುಂದೆ ಮಾತ್ರ ಇಬ್ಬರೂ ಒಂದೇ.

ಇದಕ್ಕೆ ಹಳೇ ಜೀಪೇ ಯಾಕೆ ಅಂದರೆ, ಅದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಈಗಿನ ಗಾಡಿಗಳಲ್ಲಿ ಲೈಟ್ ಒಂದು ಮಿನುಗಿದರೂ ಸ್ಕ್ಯಾನರ್ ಹಾಕಬೇಕು. ಹಳೇ ಜೀಪಿನ ಬಾನೆಟ್ ಎತ್ತಿದರೆ ಪೆಟ್ರೋಲು ಎಲ್ಲಿಂದ ಬರುತ್ತದೆ, ಕಿಡಿ ಎಲ್ಲಿಂದ ಬರುತ್ತದೆ, ನೀರು ಎಲ್ಲಿ ಓಡಾಡುತ್ತದೆ ಅಂತ ಬೆರಳಿಟ್ಟು ತೋರಿಸಬಹುದು. ಯುದ್ಧಕ್ಕೆ ಅಂತ ಮಾಡಿದ ಗಾಡಿಯಲ್ಲವೇ, ಕೆಟ್ಟ ಜಾಗದಲ್ಲಿ ನಾಲ್ಕು ಸ್ಪಾನರಿನಲ್ಲಿ ರಿಪೇರಿಯಾಗಬೇಕಿತ್ತು. ಎರಡನೇ ಮಹಾಯುದ್ಧದಲ್ಲಿ ವಿಲ್ಲಿಸ್ ಮತ್ತು ಫೋರ್ಡ್ ಸೇರಿ ಅಮೆರಿಕದಲ್ಲಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದವು. 1947ರಲ್ಲಿ ಮಹೀಂದ್ರದವರು ಬಿಡಿಭಾಗ ತರಿಸಿ ಬಾಂಬೆಯಲ್ಲಿ ಜೋಡಿಸಲು ಶುರು ಮಾಡಿದರು. ಆಮೇಲೆ ಬಂದದ್ದು ನಮಗೆಲ್ಲ ಗೊತ್ತಿರುವ ಎತ್ತರದ ಬಾನೆಟ್ಟಿನ ಸಿಜೆ-3ಬಿ. ಆ ಬಾನೆಟ್ ಎತ್ತರ ಇರುವುದು ಚೆಂದಕ್ಕಲ್ಲ. ಒಳಗಿನ ಎಂಜಿನ್ನೇ ಎತ್ತರ. ಒಳಗೆ ಗಾಳಿ ಬಿಡುವ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ನಾಲ್ಕು ಸಿಲಿಂಡರ್, 2,199 ಸಿಸಿ. 80ರ ದಶಕದಲ್ಲಿ ಬಂದ ಎಂಎಂ 540ರಲ್ಲಿ ಪ್ಯೂಜೊ ಡೀಸೆಲ್ ಎಂಜಿನ್. ಇವುಗಳ ಜೊತೆಗೆ ಮಿಲಿಟರಿಯವರು ಹರಾಜು ಹಾಕಿದ ಡಿಸ್ಪೋಸಲ್ ಜೀಪುಗಳು ಕೂಡ ಘಟ್ಟ ಹತ್ತಿ ಎಸ್ಟೇಟುಗಳಿಗೆ ಬಂದವು.

ಬಸ್ಸು ಬಾರದ ಊರಿಗೆ ಬಸುರಿ ಹೆಂಗಸನ್ನು ಆಸ್ಪತ್ರೆಗೆ ತಲುಪಿಸಿದ್ದು, ಕಾಫಿ ಮೂಟೆ ಹೊತ್ತದ್ದು, ದಿಬ್ಬಣ ಕರೆದುಕೊಂಡು ಹೋದದ್ದು ಇದೇ ಜೀಪುಗಳು. ಇವತ್ತಿಗೂ ಕೊಡಚಾದ್ರಿಗೆ, ಮಡಿಕೇರಿ ಹತ್ತಿರದ ಮಾಂದಲ್‌ಪಟ್ಟಿಗೆ ಪ್ರವಾಸಿಗರನ್ನು ಹತ್ತಿಸುವುದು ಜೀಪೇ.

ನನಗೆ ಗೊತ್ತಿರುವ ಒಂದು ಮನೆಯ ಕಥೆ ಹೇಳುತ್ತೇನೆ. ಸಕಲೇಶಪುರ ತಾಲ್ಲೂಕಿನವರು, ಹೆಸರು ಹಾಕಬೇಡಿ ಅಂದಿದ್ದಾರೆ. ನಾಲ್ಕು ಎಕರೆ ಕಾಫಿ, ಮಧ್ಯೆ ಮೆಣಸು. ಅಜ್ಜನ ಕಾಲದ ಪೆಟ್ರೋಲ್ ಜೀಪು ಹದಿನೈದು ವರ್ಷದಿಂದ ಶೆಡ್ಡಿನಲ್ಲೇ ಇತ್ತು. ಮಗಳು ಫಸ್ಟ್ ಪಿಯುಸಿ. ಮಾರುತ್ತೇನೆ ಅಂತ ಅಪ್ಪ ಹೇಳಿದಾಗ, "ಒಂದ್ಸಲ ಸ್ಟಾರ್ಟ್ ಮಾಡಿ ನೋಡೋಣ ಅಪ್ಪಾ" ಅಂದಳಂತೆ. ಅಷ್ಟೇ ಶುರು.

ಎಂಜಿನ್ ಜಾಮ್ ಆಗಿತ್ತು. ಟ್ರ್ಯಾಕ್ಟರಿಗೆ ಕಟ್ಟಿ ಎಳೆದರೆ ತಿರುಗುತ್ತದೆ ಅಂತ ಅಪ್ಪನ ಲೆಕ್ಕ. ಪೇಟೆಯ ಹಳೇ ಮೇಸ್ತ್ರಿಯೊಬ್ಬರಿಗೆ ಮಗಳು ಫೋನ್ ಮಾಡಿ ಕೇಳಿದಳು. "ಎಳೆದೀರಾ ಜೋಕೆ, ರಿಂಗು ಮುರಿದು ಬೋರಿಗೆ ಗೀರು ಬೀಳುತ್ತೆ" ಅಂದರು ಅವರು. ಪ್ಲಗ್ ಬಿಚ್ಚಿ, ನಾಲ್ಕೂ ತೂತಿಗೆ ಡೀಸೆಲ್ಲು ಮತ್ತು ಎಂಜಿನ್ ಆಯಿಲ್ ಬೆರೆಸಿ ಬಿಡಲು ಹೇಳಿದರು. ಎರಡು ವಾರ ಏನೂ ಆಗಲಿಲ್ಲ. ದಿನಾ ಸಂಜೆ ಕಾಲೇಜಿನಿಂದ ಬಂದವಳು ಹ್ಯಾಂಡಲ್ ಹಾಕಿ ಮೆಲ್ಲಗೆ ಒತ್ತಿ ನೋಡುವುದು, ಬಿಡುವುದು. ಮೂರನೇ ವಾರ ಒಂದು ಬೆರಳಿನಷ್ಟು ಅಲ್ಲಾಡಿತು. ಅವತ್ತು ಅಪ್ಪ ಕೆಲಸದಾಳುಗಳಿಗೆಲ್ಲ ಹೇಳಿಕೊಂಡು ಬಂದರಂತೆ, ಮಗಳು ರ‍್ಯಾಂಕ್ ಬಂದಿದ್ದಾಳೆ ಅನ್ನುವ ಹಾಗೆ.

ಬಿಚ್ಚುವ ಮುಂಚೆ ಪ್ರತಿಯೊಂದನ್ನೂ ಅವಳು ಫೋಟೊ ತೆಗೆಯುತ್ತಿದ್ದಳು. ಬೋಲ್ಟು ನಟ್ಟುಗಳನ್ನು ಉಪ್ಪಿನಕಾಯಿ ಡಬ್ಬಿಗಳಲ್ಲಿ ಹಾಕಿ, ಎಲ್ಲಿಂದ ಬಂದದ್ದು ಅಂತ ಚೀಟಿ ಅಂಟಿಸಿದಳು. ಫೋನನ್ನು ಕಸಿದುಕೊಳ್ಳಬೇಕು ಅಂತ ದಿನಾ ಬೈಯುತ್ತಿದ್ದ ಅಪ್ಪನೇ "ಆ ಫೋಟೊ ತೋರ್ಸು ಪುಟ್ಟಿ, ಈ ವಾಷರ್ರು ಒಳಗಾ ಹೊರಗಾ?" ಅಂತ ಕೇಳುವ ಹಾಗಾಯಿತು.

ಆ ಮನೆಯಲ್ಲಿ ಮಾತು ಬದಲಾದದ್ದು ಪ್ಲಗ್ ವೈರಿನಿಂದ. ಡಿಸ್ಟ್ರಿಬ್ಯೂಟರಿನಿಂದ ನಾಲ್ಕು ಪ್ಲಗ್ಗಿಗೆ ನಾಲ್ಕು ವೈರು ಹೋಗುತ್ತವೆ. ಅಪ್ಪ ಒಂದು, ಎರಡು, ಮೂರು, ನಾಲ್ಕು ಅಂತ ಸಾಲಾಗಿ ಹಾಕಿದ್ದರು. ಕಾರ್ಬೊರೇಟರಿನಿಂದ ಢಂ ಅಂತ ಬೆಂಕಿ ಉಗುಳಿತು. ಮಗಳು ಮ್ಯಾನ್ಯುಯಲ್ ಓದಿದ್ದಳು. ಈ ಎಂಜಿನ್ನಿನಲ್ಲಿ ಕಿಡಿ ಹೋಗಬೇಕಾದ ಸರದಿ 1, 3, 4, 2. "ಅಪ್ಪಾ, ಮೂರು ಎರಡನೇದು" ಅಂದಳು. ಅಪ್ಪ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ಸ್ಪಾನರ್ ಕೆಳಗಿಟ್ಟು "ಸರಿ, ನೀನೇ ಹಾಕು" ಅಂದರು. ಹದಿನಾರು ವರ್ಷದಲ್ಲಿ ಅಪ್ಪ ಅವಳಿಗೆ ಆ ಮಾತು ಹೇಳಿದ್ದು ಅದೇ ಮೊದಲು ಅಂತ ನಗುತ್ತಾ ಹೇಳಿದ್ದು ಅವಳ ಅಮ್ಮ.

ಸೀಟು ಬಿಚ್ಚಿದಾಗ ಕೆಳಗೆ ಅಜ್ಜನ ಕಾಲದ ಕಾಗದ ಸಿಕ್ಕಿತು. ಕಾಫಿ ಬೋರ್ಡಿಗೆ ಕಾಫಿ ಹಾಕಿದ ರಸೀದಿ. "ಪೂಲ್ ಅಂದ್ರೇನಪ್ಪಾ?" ಅಂತ ಕೇಳಿದಳು. 90ರ ದಶಕದ ಬದಲಾವಣೆ ಬರುವವರೆಗೂ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವಂತಿರಲಿಲ್ಲ, ಬೋರ್ಡಿಗೇ ಕೊಡಬೇಕಿತ್ತು, ದುಡ್ಡು ಕಂತಿನಲ್ಲಿ ಬರುತ್ತಿತ್ತು ಅಂತ ಅಪ್ಪ ಹೇಳಿದರು. ಅಜ್ಜ ಸಾಲ ಮಾಡಿದ್ದು ಯಾಕೆ, ಕೆಳಗಿನ ಗದ್ದೆ ಮಾರಿದ್ದು ಯಾವಾಗ, ಎಲ್ಲ ಒಂದೊಂದಾಗಿ ಹೊರಗೆ ಬಂತು. ಮನೆಯ ಆ ವಿಷಯಗಳು ಊಟದ ಹೊತ್ತಿನಲ್ಲಿ ಯಾವತ್ತೂ ಬಂದಿರಲಿಲ್ಲ. ಕೈಯಲ್ಲಿ ಕೆಲಸ ಇದ್ದಾಗ, ಮುಖ ನೋಡಬೇಕಾಗಿಲ್ಲದಾಗ, ನಮ್ಮ ಕಡೆಯ ಗಂಡಸರು ಸ್ವಲ್ಪ ಮಾತಾಡುತ್ತಾರೆ. ಇದು ನಾನು ಹತ್ತಾರು ಮನೆಗಳಲ್ಲಿ ನೋಡಿದ್ದು.

ಎರಡು ವರ್ಷ ಆಯಿತು. ಆ ಜೀಪಿಗೆ ಇನ್ನೂ ಪೇಂಟ್ ಆಗಿಲ್ಲ.

ನನ್ನ ಪ್ರಕಾರ ಅದೇ ಸರಿ. ಪೇಂಟ್ ಕೊನೆಗೆ ಬರಬೇಕು. ಈಗ ನೋಡಿದರೆ ಎಲ್ಲರಿಗೂ ಮೊದಲು ಬೇಕಾಗಿರುವುದು ಅಗಲದ ಟಯರು, ಮೇಲೆ ಸಾಲು ಲೈಟು, ಮ್ಯಾಟ್ ಕಪ್ಪು ಬಣ್ಣ, ಹಾಡು ಹಾಕಿ ಒಂದು ರೀಲ್ಸು. ಕೆಳಗೆ ಬಗ್ಗಿ ನೋಡಿದರೆ ಬ್ರೇಕ್ ಆಯಿಲ್ ಸೋರುತ್ತಿರುತ್ತದೆ. ಹಳೇ ಜೀಪಿನಲ್ಲಿ ನಾಲ್ಕು ಚಕ್ರಕ್ಕೂ ಒಂದೇ ಬ್ರೇಕ್ ಲೈನ್. ಒಂದು ವೀಲ್ ಸಿಲಿಂಡರ್ ಸೋರಿದರೂ, ಒಂದು ಕಡೆ ಪೈಪು ಒಡೆದರೂ, ನಾಲ್ಕಕ್ಕೂ ಬ್ರೇಕ್ ಇಲ್ಲ. ಘಟ್ಟ ಇಳಿಯುವಾಗ ಹಾಗಾದರೆ ಏನು ಗತಿ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಆದ್ದರಿಂದ ಮೊದಲು ಬ್ರೇಕು, ಆಮೇಲೆ ಸ್ಟೇರಿಂಗು, ಆಮೇಲೆ ಎಂಜಿನ್, ಆಮೇಲೆ ವೈರಿಂಗು. ಎಂಜಿನ್ ಸ್ಟಾರ್ಟ್ ಆದ ದಿನದ ಖುಷಿಯಲ್ಲಿ ಬ್ರೇಕಿಲ್ಲದ ಗಾಡಿ ರಸ್ತೆಗೆ ಇಳಿಯುತ್ತದೆ. ಅದಕ್ಕೇ ಈ ಸರದಿ.

ಇನ್ನೊಂದು ಮಾತು ಅಪ್ಪಂದಿರಿಗೆ. ಕುರ್ಚಿ ಹಾಕಿಕೊಂಡು ಕೂತು "ಅದನ್ನ ಕೊಡು, ಇದನ್ನ ಹಿಡಿ, ಟಾರ್ಚ್ ಸರಿಯಾಗಿ ಬಿಡು" ಅನ್ನುವುದಾದರೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ. ಟಾರ್ಚ್ ಹಿಡಿದು ಬೈಸಿಕೊಂಡ ಮಗು ಮೂರನೇ ಭಾನುವಾರ ಬರುವುದಿಲ್ಲ. ಒಂದು ಭಾಗವನ್ನು ಪೂರ್ತಿ ಅವರಿಗೇ ಬಿಟ್ಟುಕೊಡಿ. ವೈರಿಂಗ್ ಕೊಡಿ. ಹತ್ತನೇ ಕ್ಲಾಸಿನ ವಿಜ್ಞಾನದ ಪುಸ್ತಕದಲ್ಲಿ ವಿದ್ಯುತ್ ಪಾಠ ಇದೆ, ಕಬ್ಬಿಣಕ್ಕೆ ತುಕ್ಕು ಯಾಕೆ ಹಿಡಿಯುತ್ತದೆ ಅನ್ನುವುದೂ ಇದೆ. ಬಹಳ ಹಳೇ ಜೀಪುಗಳು 6 ವೋಲ್ಟಿನವು. 36 ವ್ಯಾಟಿನ ಬಲ್ಬು 6 ವೋಲ್ಟಿನಲ್ಲಿ 6 ಆಂಪಿಯರ್ ಎಳೆಯುತ್ತದೆ, 12 ವೋಲ್ಟಿನಲ್ಲಿ ಮೂರೇ. ಹಳೇ ವೈರು ಯಾಕೆ ಅಷ್ಟು ದಪ್ಪ ಇತ್ತು ಅಂತ ಮಗು ನಿಮಗೆ ಹೇಳಿಕೊಡಲಿ, ನೀವು ಕೇಳಿ.

ಹೆಣ್ಣುಮಕ್ಕಳಿಗೆ ಯಾಕೆ ಅನ್ನುವವರಿಗೆ ಉತ್ತರ ಕೊಡುವಷ್ಟು ಜಾಗ ಇಲ್ಲಿಲ್ಲ. ಮೇಲಿನ ಕಥೆಯನ್ನೇ ಇನ್ನೊಂದು ಸಲ ಓದಿಕೊಳ್ಳಿ.

ಕೆಲವು ಕಡೆ ಮಾತ್ರ ಅಪ್ಪನೇ ಗಟ್ಟಿಯಾಗಿ ನಿಲ್ಲಬೇಕು. ಬರೀ ಜಾಕಿ ಕೊಟ್ಟು ಯಾರೂ ಕೆಳಗೆ ನುಗ್ಗಬಾರದು, ಚಾಸಿಗೆ ದಪ್ಪ ಮರದ ದಿಮ್ಮಿಯೋ ಸ್ಟ್ಯಾಂಡೋ ಕೊಟ್ಟಿರಲೇಬೇಕು. ಹಳೇ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುತ್ತದೆ. ಡ್ರಮ್ಮಿನ ಪುಡಿಯನ್ನು ಬಾಯಲ್ಲಾಗಲಿ ಗಾಳಿ ಪೈಪಿನಲ್ಲಾಗಲಿ ಊದಬೇಡಿ, ನೀರಿನಲ್ಲಿ ನೆನೆಸಿ ಒರೆಸಿ. ಪೆಟ್ರೋಲ್ ಟ್ಯಾಂಕಿಗೆ ಮನೆಯಲ್ಲಿ ವೆಲ್ಡಿಂಗ್ ಬೇಡವೇ ಬೇಡ. ಖಾಲಿ ಇದೆ ಅಂದುಕೊಂಡ ಟ್ಯಾಂಕೇ ಸಿಡಿಯುವುದು, ಒಳಗೆ ಆವಿ ಇರುತ್ತದೆ. ಇನ್ನು ಹ್ಯಾಂಡಲ್ ಹೊಡೆಯುವುದು. ಹೆಬ್ಬೆರಳನ್ನು ಸುತ್ತಿ ಹಿಡಿಯಬಾರದು, ಉಳಿದ ಬೆರಳುಗಳ ಜೊತೆ ಒಂದೇ ಕಡೆ ಇಡಬೇಕು. ಕೆಳಗಿನಿಂದ ಮೇಲಕ್ಕೆ ಎಳೆಯಬೇಕು, ಮೇಲಿನಿಂದ ಕೆಳಕ್ಕೆ ಒತ್ತಬಾರದು. ಎಂಜಿನ್ ಹಿಂದಕ್ಕೆ ಒದ್ದರೆ ಕೈ ಮುರಿಯುತ್ತದೆ. ಊರಿನ ಹಿರಿಯ ಡ್ರೈವರುಗಳನ್ನು ಕೇಳಿ, ಒಬ್ಬರಾದರೂ ತಮ್ಮ ಮಣಿಕಟ್ಟು ತೋರಿಸುತ್ತಾರೆ.

ಮತ್ತೆ, ಜೀಪು ಕಟ್ಟಿದ ಮಗುವಿಗೆ ಓಡಿಸುವ ಆಸೆ ಬಂದೇ ಬರುತ್ತದೆ. ಹದಿನೆಂಟು ತುಂಬುವವರೆಗೂ ರಸ್ತೆಗೆ ಇಳಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದು 199ಎ ಸೇರಿದೆ. ಅಪ್ರಾಪ್ತರು ಓಡಿಸಿ ಅಪರಾಧವಾದರೆ ಪೋಷಕರಿಗೋ ಗಾಡಿಯ ಮಾಲೀಕರಿಗೋ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಆ ಮಗುವಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಾನೂನಿನ ಮಾತು ಬಿಡಿ, ಲೈಸೆನ್ಸಿಲ್ಲದೆ ಬೈಕು ಕೊಟ್ಟು ಮಕ್ಕಳನ್ನು ಕಳೆದುಕೊಂಡ ಮನೆಗಳು ನಮ್ಮ ಸುತ್ತ ಎಷ್ಟಿಲ್ಲ? ಹದಿನೈದು ವರ್ಷ ಕಾದ ಜೀಪು ಇನ್ನೆರಡು ವರ್ಷ ಕಾಯುತ್ತದೆ. ನನಗನ್ನಿಸುವುದು, ಬ್ರೇಕ್ ಶೂ ತಾನೇ ಕೂರಿಸಿದ ಹುಡುಗ ತಿರುವಿನಲ್ಲಿ ಸ್ವಲ್ಪ ಮೆಲ್ಲಗೆ ಹೋಗುತ್ತಾನೆ. ಯಾಕೆಂದರೆ ಒಳಗೆ ಇರುವುದು ಎಷ್ಟು ಸಣ್ಣ ರಬ್ಬರು ಅಂತ ಅವನಿಗೆ ಗೊತ್ತಿರುತ್ತದೆ.

ಕಾಗದದ ವಿಷಯ ಬಿಚ್ಚುವ ಮುಂಚೆಯೇ ನೋಡಿ. ಆರ್‌ಸಿ ಇದೆಯಾ, ಯಾರ ಹೆಸರಿನಲ್ಲಿದೆ, ಅದರಲ್ಲಿರುವ ಚಾಸಿ ನಂಬರು, ಎಂಜಿನ್ ನಂಬರು ಗಾಡಿಯ ಮೇಲಿರುವುದಕ್ಕೆ ಹೊಂದುತ್ತದಾ? ನಮ್ಮ ಕಡೆ ಪೆಟ್ರೋಲ್ ಎಂಜಿನ್ ಇಳಿಸಿ ಡೀಸೆಲ್ ಏರಿಸಿ, ಆರ್‌ಸಿಯಲ್ಲಿ ಬರೆಸದೆ ಬಿಟ್ಟ ಜೀಪುಗಳು ಬೇಕಾದಷ್ಟಿವೆ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಸ್ಪಷ್ಟವಾಗಿ ಹೇಳಿದೆ. ಎಂಜಿನ್ ಬದಲಾವಣೆಗೆ ಮುಂಚೆಯೇ ಆರ್‌ಟಿಒ ಅನುಮತಿ ಬೇಕು. ಅಜ್ಜ ತೀರಿಕೊಂಡಿದ್ದರೆ ವಾರಸುದಾರರು ಫಾರಂ 31ರಲ್ಲಿ ಅರ್ಜಿ ಹಾಕಿ ಹೆಸರು ಬದಲಾಯಿಸಿಕೊಳ್ಳಬೇಕು. ಅಣ್ಣತಮ್ಮಂದಿರ ಸಹಿ ಸಿಗುವ ಮನೆಯಾದರೆ ಪುಣ್ಯ.

ಖಾಸಗಿ ಗಾಡಿಗೆ 15 ವರ್ಷ ಆದ ಮೇಲೆ ಪರೀಕ್ಷೆ ಮಾಡಿಸಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಇದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ 5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರು, ಜೀಪಿಗೆ 10,000 ಮಾಡಿದರು. ಹಳೇ ಗಾಡಿಯ ಹೊಗೆ ಒಳ್ಳೆಯದಲ್ಲ, ಒಪ್ಪುತ್ತೇನೆ. ಆದರೆ ಬೆಂಗಳೂರಿನಲ್ಲಿ ದಿನಾ ಐವತ್ತು ಕಿಲೋಮೀಟರ್ ಓಡುವ ಹಳೇ ಕಾರಿಗೂ, ತಿಂಗಳಿಗೆ ನಾಲ್ಕು ಸಲ ಸಂತೆಗೆ ಹೋಗುವ ಜೀಪಿಗೂ ಒಂದೇ ಶುಲ್ಕ ಹಾಕುವುದು ನ್ಯಾಯ ಅಂತ ನನಗನ್ನಿಸುವುದಿಲ್ಲ. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಗಾಡಿಗೆ ವಿಂಟೇಜ್ ನೋಂದಣಿ ಅಂತ ಬೇರೆ ಇದೆ. ಆದರೆ ಅದು ಪ್ರದರ್ಶನ, ರ‍್ಯಾಲಿಗೆ ಹೋಗುವವರಿಗೆ. ದಿನದ ಓಡಾಟಕ್ಕೆ ಬಳಸುವಂತಿಲ್ಲ. ಮೂಟೆ ಹೊರಬೇಕಾದವರಿಗೆ ಅದು ಆಗುವುದಿಲ್ಲ.

ಓದು ಹಾಳಾಗುವುದಿಲ್ಲವಾ ಅಂತ ಅಮ್ಮಂದಿರು ಕೇಳುತ್ತಾರೆ. ಭಾನುವಾರ ಮೂರು ಗಂಟೆ ಸಾಕು, ಪರೀಕ್ಷೆಯ ಎರಡು ತಿಂಗಳು ಟಾರ್ಪಾಲು ಮುಚ್ಚಿಡಿ. ದುಡ್ಡಿನ ಪ್ರಶ್ನೆಗೆ ಮಾತ್ರ ಸುಲಭದ ಉತ್ತರ ಇಲ್ಲ. ಲೇತ್ ಕೆಲಸ, ಎಂಜಿನ್ ರೀಬೋರ್, ಟಿಂಕರಿಂಗ್ ಯಾವುದೂ ಅಗ್ಗವಲ್ಲ. ಒಂದೇ ಸಲಕ್ಕೆ ಸಾಲ ಮಾಡಿ ಮುಗಿಸಲು ಹೋದರೆ ಆ ಜೀಪಿನ ಮೇಲೆ ಮನೆಯವರಿಗೆಲ್ಲ ಸಿಟ್ಟು ಬರುತ್ತದೆ. ಕಾಫಿ ಮಾರಿದ ವರ್ಷ ಸ್ವಲ್ಪ, ಮೆಣಸು ಬಂದಾಗ ಸ್ವಲ್ಪ. ಜೀಪೇ ಇಲ್ಲದ ಮನೆಗಳೇ ಹೆಚ್ಚು ಅನ್ನುವುದೂ ನಿಜ. ಅವರಿಗೆ ಅಟ್ಟದ ಕೆಳಗಿನ ಲೂನಾ ಇದೆ, ಕೆಟ್ಟ ಔಷಧಿ ಸ್ಪ್ರೇಯರ್ ಇದೆ, ನಿಂತ ಡೀಸೆಲ್ ಪಂಪ್‌ಸೆಟ್ ಇದೆ. ಪಿಸ್ಟನ್ ಎಲ್ಲದರಲ್ಲೂ ಪಿಸ್ಟನ್ನೇ.

ಮೇಸ್ತ್ರಿಗಳ ಬಗ್ಗೆಯೂ ಹೇಳಬೇಕು. ಹಳೇ ಜೀಪಿನ ಎಂಜಿನ್ ಶಬ್ದ ಕೇಳಿಯೇ ಯಾವ ವಾಲ್ವ್ ಕೂತಿಲ್ಲ ಅನ್ನುವವರು ಪ್ರತಿ ತಾಲ್ಲೂಕಿನಲ್ಲಿ ಒಬ್ಬಿಬ್ಬರು ಉಳಿದಿದ್ದಾರೆ. ವಯಸ್ಸಾಗಿದೆ. ಅವರ ಮಕ್ಕಳು ಬೇರೆ ಕೆಲಸಕ್ಕೆ ಹೋಗಿದ್ದಾರೆ. ನಾವು ಆ ಕೆಲಸಕ್ಕೆ ಕೊಟ್ಟ ಮರ್ಯಾದೆಯೂ ಅಷ್ಟರಲ್ಲೇ ಇದೆ. ಓದದಿದ್ದರೆ ಗ್ಯಾರೇಜಿಗೆ ಹಾಕ್ತೀನಿ ಅಂತ ಮಕ್ಕಳನ್ನು ಹೆದರಿಸುವವರು ನಾವೇ. ಎರಡು ವರ್ಷದ ಐಟಿಐ ಮೋಟಾರ್ ಮೆಕ್ಯಾನಿಕ್ ಕೋರ್ಸಿಗೆ ಸೇರಿದವನನ್ನು ನೆಂಟರ ಮುಂದೆ ಪರಿಚಯ ಮಾಡಿಸಲು ಹಿಂದೆ ಮುಂದೆ ನೋಡುವವರೂ ನಾವೇ. ಅಂಥ ಒಬ್ಬ ಮೇಸ್ತ್ರಿಯನ್ನು ಒಂದು ಭಾನುವಾರ ಮನೆಗೆ ಕರೆಯಿರಿ. ಊಟ ಹಾಕಿ, ಅವರ ದಿನದ ಕೂಲಿ ಕೊಡಿ. ಕೆಲಸ ಅವರ ಕೈಯಲ್ಲಿ ಮಾಡಿಸಬೇಡಿ, ಮಗುವಿಗೆ ಹೇಳಿಕೊಡಲು ಬಿಡಿ.

ಈ ವರ್ಷ ಶುರು ಮಾಡುವವರು ಮಳೆಗೆ ಮುಂಚೆ ಇಷ್ಟು ಮಾಡಿಕೊಳ್ಳಿ. ನೀರು ನಿಲ್ಲುವ ಜಾಗದಿಂದ ಜೀಪನ್ನು ಎಳೆದು ಶೆಡ್ಡಿನೊಳಗೆ ತನ್ನಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಚಕ್ರದ ಕೆಳಗೆ ಹಲಗೆ ಕೊಡಿ. ಟ್ಯಾಂಕಿನ ಹಳೇ ಪೆಟ್ರೋಲು ಇಳಿಸಿ, ಬ್ಯಾಟರಿ ತೆಗೆದಿಡಿ. ಪ್ಲಗ್ ಬಿಚ್ಚಿ ತೂತುಗಳಿಗೆ ಆಯಿಲ್ ಬಿಡಿ, ಮತ್ತೆ ಪ್ಲಗ್ ಹಾಕಿ. ಇಲಿ ಗೂಡು ಇದ್ದೇ ಇರುತ್ತದೆ, ಹಾವೂ ಇರಬಹುದು, ಸೀಟಿನ ಕೆಳಗೆ ಕೈ ಹಾಕುವ ಮುಂಚೆ ಕೋಲಿನಿಂದ ಬಡಿಯಿರಿ. ಇಬ್ಬರಿಗೆ ಒಂದು ಭಾನುವಾರದ ಕೆಲಸ.